ಮೈಸೂರು ಶೈಲಿಯ ಪುಟ್ಟ ಚಿತ್ರಕ್ಕೆ ಎಷ್ಟು ಕೇಳಬೇಕು?

ಮನೆಯಲ್ಲೇ ಕೂತು ಮೈಸೂರು ಶೈಲಿಯ ಚಿತ್ರ ಬರೆಯುವವರು ಊರೂರಲ್ಲೂ ಇದ್ದಾರೆ. ಕೈ ಕುದುರಿದ ಮೇಲೆ ಆರ್ಡರ್ ಕೂಡ ಬರುತ್ತದೆ. ಗೃಹಪ್ರವೇಶಕ್ಕೆ ಒಂದು ಗಜಲಕ್ಷ್ಮಿ, ನಾಮಕರಣಕ್ಕೆ ಒಂದು ಬಾಲಕೃಷ್ಣ, ಮದುವೆಗೆ ಉಡುಗೊರೆ ಕೊಡಲು ಒಂದು ಜೊತೆ ಗಂಜೀಫಾ ಎಲೆ (ಇಸ್ಪೀಟಿನ ಹಾಗೆ ಆಡುವ, ಕೈಯಲ್ಲಿ ಚಿತ್ರ ಬರೆದ ಎಲೆ). "ಎಷ್ಟಾಗುತ್ತೆ?" ಎಂದು ಕೇಳಿದಾಗ ಮಾತ್ರ ತಡವರಿಕೆ ಶುರು. ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಾರೆ. ಚಿತ್ರ ಪುಟ್ಟದಾಗಿದ್ದರಂತೂ ಇನ್ನೂ ಇಳಿಸಿ ಹೇಳುತ್ತಾರೆ. ತರಗತಿಯಲ್ಲಿ ರೇಖೆ, ಬಣ್ಣ, ಚಿನ್ನ ಎಲ್ಲ ಕಲಿಸುತ್ತಾರೆ, ದರ ಹಾಕುವುದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ.

ಹಾಗಾಗಿ ಇಲ್ಲಿ ಅದೊಂದನ್ನೇ ಹೇಳುತ್ತೇನೆ. ಪುಟ್ಟ ಚಿತ್ರಕ್ಕೆ ದರ ಹಾಕುವಾಗ ಸ್ಕೇಲು ಪಕ್ಕಕ್ಕಿಟ್ಟು ಗಡಿಯಾರ ನೋಡಿ.

ಮೊದಲು ಗಂಟೆ ಬರೆದಿಡಿ

ಮುಂದಿನ ಎರಡು ಮೂರು ಚಿತ್ರಗಳಿಗೆ ಒಂದು ನೋಟ್‌ಬುಕ್ ಇಡಿ. ಕೂತಾಗ ಸಮಯ ಬರೆಯಿರಿ, ಎದ್ದಾಗ ಬರೆಯಿರಿ. ಒಟ್ಟು ಗಂಟೆ ಬರೆದರೆ ಸಾಲದು, ಹಂತ ಹಂತವಾಗಿ ಬರೆಯಬೇಕು. ಮೈಸೂರು ಶೈಲಿಯಲ್ಲಿ ಹಂತಗಳು ಸ್ಪಷ್ಟವಾಗಿಯೇ ಇವೆ. ಹಲಗೆ ಸಿದ್ಧಮಾಡುವುದು, ಪೆನ್ಸಿಲ್ ರೇಖೆ, ಹಿನ್ನೆಲೆ, ಮೈಬಣ್ಣ ಮತ್ತು ಬಟ್ಟೆ, ಒಡವೆ ಉಬ್ಬಿ ಕಾಣಲು ಸತುವಿನ ಬಿಳಿ ಪುಡಿ (ಜಿಂಕ್ ಆಕ್ಸೈಡ್) ಮತ್ತು ಗೋಂದು ಕಲಸಿ ಹಚ್ಚುವ ಜೆಸ್ಸೊ, ಅದರ ಮೇಲೆ ಚಿನ್ನದ ಹಾಳೆ, ಆಮೇಲೆ ಒಡವೆಯ ಗೆರೆ, ಕೊನೆಗೆ ಮುಖ.

ಲೆಕ್ಕ ಅರ್ಥವಾಗಲಿ ಎಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. 6 ಇಂಚು ಅಗಲ, 8 ಇಂಚು ಎತ್ತರದ ಬಾಲಕೃಷ್ಣ. ಹಲಗೆಗೆ 2 ಗಂಟೆ, ರೇಖೆಗೆ 4, ಹಿನ್ನೆಲೆಗೆ 5, ಬಣ್ಣ ತುಂಬಲು 8, ಜೆಸ್ಸೊಗೆ 6, ಚಿನ್ನಕ್ಕೆ 4, ಒಡವೆ ಮತ್ತು ಅಂಚಿನ ಗೆರೆಗಳಿಗೆ 8, ಮುಖಕ್ಕೆ 3. ಒಟ್ಟು 40 ಗಂಟೆ. ನಿಮ್ಮ ಕೈ ಇದಕ್ಕಿಂತ ಬೇಗ ಇರಬಹುದು, ನಿಧಾನವೂ ಇರಬಹುದು. ನಿಮ್ಮ ನೋಟ್‌ಬುಕ್ ಏನು ಹೇಳುತ್ತದೋ ಅದೇ ಸರಿ.

ಬರೆದಿಟ್ಟವರಿಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಅರ್ಧಕ್ಕಿಂತ ಜಾಸ್ತಿ ಸಮಯ ಜೆಸ್ಸೊ ಮತ್ತು ಅದರಾಚೆಗಿನ ಕೆಲಸಕ್ಕೇ ಹೋಗುತ್ತದೆ. ಕೃಷ್ಣನ ತೋಳುಬಂದಿ ಒಂದು ಹೆಸರುಕಾಳಿನಷ್ಟು ಅಗಲ ಇರುತ್ತದೆ. ಅದರೊಳಗೆ ಜೆಸ್ಸೊದ ಚುಕ್ಕಿ ಇಡಬೇಕು. ಮೈಸೂರಿನ ಜೆಸ್ಸೊ ತಂಜಾವೂರಿನದರಷ್ಟು ದಪ್ಪ ಇರುವುದಿಲ್ಲ, ತೆಳುವಾಗಿ, ಒಂದೇ ಸಮನಾಗಿ ಕೂರಬೇಕು. ಮಿಶ್ರಣ ಸ್ವಲ್ಪ ನೀರಾದರೆ ಹರಿಯುತ್ತದೆ, ಗಟ್ಟಿಯಾದರೆ ಬ್ರಷ್ಷಿನ ತುದಿಯಲ್ಲೇ ಒಣಗುತ್ತದೆ. ದೊಡ್ಡ ಚಿತ್ರದಲ್ಲಿ ಅದೇ ತೋಳುಬಂದಿ ಬೆರಳಗಲ ಇರುತ್ತದೆ, ಕೈಗೆ ಜಾಗ ಇರುತ್ತದೆ. ಪುಟ್ಟದರಲ್ಲಿ ಜಾಗವೇ ಇಲ್ಲ. ಮುಖವೂ ಅಷ್ಟೇ. ಚಿತ್ರ ಎಷ್ಟು ಚಿಕ್ಕದಾದರೂ ಕಣ್ಣು ಎರಡು, ಹುಬ್ಬು ಎರಡು, ತುಟಿಯ ಮೇಲಿನ ನಗು ಒಂದು. ಇವುಗಳಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ.

ಚದರ ಇಂಚಿನ ಲೆಕ್ಕ ಎಲ್ಲಿ ಕೈಕೊಡುತ್ತದೆ

ಚದರ ಇಂಚಿಗೆ ಇಷ್ಟು ಎಂದು ಹೇಳುವ ಪದ್ಧತಿ ಸುಲಭ, ಗ್ರಾಹಕರಿಗೂ ಬೇಗ ಅರ್ಥವಾಗುತ್ತದೆ. ದೊಡ್ಡ ಚಿತ್ರಕ್ಕೆ ಅದು ನಡೆಯುತ್ತದೆ ಕೂಡ. ಆದರೆ ಇದೇ ಬಾಲಕೃಷ್ಣನನ್ನು 12×16 ಇಂಚಿಗೆ ಬರೆದರೆ ಏನಾಗುತ್ತದೆ ನೋಡಿ. ವಿಸ್ತೀರ್ಣ 48 ಚದರ ಇಂಚಿನಿಂದ 192ಕ್ಕೆ ಏರಿತು, ಅಂದರೆ ನಾಲ್ಕು ಪಟ್ಟು. ಕೆಲಸ ನಾಲ್ಕು ಪಟ್ಟಾಗುವುದಿಲ್ಲ. ಆಕಾಶ, ನೆಲ, ಪರದೆ ಇವೆಲ್ಲ ದೊಡ್ಡ ಬ್ರಷ್ಷಿನಲ್ಲಿ ಬೇಗ ಮುಗಿಯುತ್ತವೆ. 80 ಗಂಟೆ ಎಂದಿಟ್ಟುಕೊಳ್ಳಿ.

ಗಂಟೆಗೆ ₹400 ಹಿಡಿದರೆ ದೊಡ್ಡದರ ಕೂಲಿ ₹32,000. ಚದರ ಇಂಚಿಗೆ ಹೆಚ್ಚುಕಡಿಮೆ ₹167. ಅದೇ ದರವನ್ನು ಪುಟ್ಟದಕ್ಕೆ ಹಚ್ಚಿದರೆ ₹8,000 ಬರುತ್ತದೆ. ನೀವು ಕೂತು ಮಾಡಿದ್ದು 40 ಗಂಟೆ, ಸಿಗಬೇಕಾದದ್ದು ₹16,000. ಸರಿಯಾಗಿ ಅರ್ಧ ಕೈಬಿಟ್ಟಿತು. ಪುಟ್ಟ ಚಿತ್ರ ಬರೆಯುವವರು ವರ್ಷಗಟ್ಟಲೆ ದುಡಿದರೂ ಕೈಯಲ್ಲಿ ಏನೂ ಉಳಿಯದಿರಲು ಇದೇ ಕಾರಣ. ಗ್ರಾಹಕರು ಮೋಸ ಮಾಡಿದ್ದಲ್ಲ, ಲೆಕ್ಕದ ದಾರಿಯೇ ತಪ್ಪಿದ್ದು.

ನಿಮ್ಮ ಗಂಟೆಗೆ ಎಷ್ಟು?

ಮೇಲೆ ₹400 ಎಂದೆನಲ್ಲ, ಅದು ಎಲ್ಲಿಂದ ಬಂತು? ಮನೆ ಖರ್ಚಿಗೆ ತಿಂಗಳಿಗೆ ₹30,000 ಬೇಕು ಎನ್ನೋಣ. ಬಾಡಿಗೆಯಲ್ಲಿ ಕೆಲಸದ ಕೋಣೆಯ ಪಾಲು, ಕರೆಂಟು, ಬ್ರಷ್ಷು, ಇಂಟರ್‌ನೆಟ್ ಎಲ್ಲ ಸೇರಿ ₹6,000. ಉಳಿತಾಯಕ್ಕೆ, ಕಾಯಿಲೆ ಬಿದ್ದಾಗಿನ ದಿನಗಳಿಗೆ, ಕನ್ನಡಕ ಬದಲಿಸಲು ಇನ್ನು ₹6,000. ಒಟ್ಟು ₹42,000.

ಈಗ ಗಂಟೆ. ದಿನಕ್ಕೆ 8 ಗಂಟೆ ಎಂದು ಹಾಕಬೇಡಿ. ಇಷ್ಟು ಸೂಕ್ಷ್ಮ ಕೆಲಸವನ್ನು ಹಗಲ ಬೆಳಕಿನಲ್ಲಿ 5 ಗಂಟೆ ಮಾಡಿದರೆ ಕಣ್ಣು, ಕುತ್ತಿಗೆ ಎರಡೂ ಸಾಕು ಎನ್ನುತ್ತವೆ. 25 ದಿನಕ್ಕೆ 125 ಗಂಟೆ. ಅದರಲ್ಲಿ ಫೋನಿನಲ್ಲಿ ಮಾತು, ಸಾಮಾನು ತರುವುದು, ಪ್ಯಾಕಿಂಗು ಎಂದು 20 ಗಂಟೆ ಕಳೆಯಿರಿ. ಉಳಿದದ್ದು 105. ಈಗ 42,000ವನ್ನು 105ರಿಂದ ಭಾಗಿಸಿದರೆ ₹400.

ನಿಮ್ಮ ಅಂಕಿ ಬೇರೆ ಇರುತ್ತದೆ. ಚಾಮರಾಜನಗರದ ಮನೆ ಬಾಡಿಗೆ, ಬೆಂಗಳೂರಿನ ಮನೆ ಬಾಡಿಗೆ ಒಂದೇ ಅಲ್ಲವಲ್ಲ. ಈಗಷ್ಟೇ ಕಲಿತು ಹೊರಬಂದವರು ಒಂದು ಕೆಲಸಕ್ಕೆ ನಿಜವಾಗಿ 70 ಗಂಟೆ ತೆಗೆದುಕೊಳ್ಳಬಹುದು. ಕೈ ಪಳಗುವವರೆಗೆ ಅಷ್ಟನ್ನೂ ಗ್ರಾಹಕರಿಂದ ಕೇಳಲಾಗದು. ಆಗ ಗಂಟೆಯ ದರ ಇಳಿಸುವ ಬದಲು, ಬಿಲ್ಲಿಗೆ ಹಾಕುವ ಗಂಟೆ ಕಡಿಮೆ ಮಾಡಿ. ಗಂಟೆಯ ದರ ಒಮ್ಮೆ ಇಳಿಸಿದರೆ ಮತ್ತೆ ಏರಿಸಲು ತುಂಬಾ ಕಷ್ಟ. ಕೈ ಬೇಗ ಆದ ಹಾಗೆ ಗಂಟೆಯ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.

ಸಾಮಾನಿನ ಖರ್ಚು ಬೇರೆ ಹಾಕಿ

ಹಲಗೆ, ಬಣ್ಣ, ಚಿನ್ನ, ಫ್ರೇಮು, ಕೊರಿಯರ್ ಇವನ್ನೆಲ್ಲ ಕೂಲಿಯೊಳಗೆ ಸೇರಿಸಬೇಡಿ. ಚಿನ್ನದ ಬೆಲೆ ಏರುತ್ತಲೇ ಇರುತ್ತದೆ, ಹಾಳೆಯ ಬೆಲೆಯೂ ಅದರ ಹಿಂದೆಯೇ ಹೋಗುತ್ತದೆ. ಅದಕ್ಕೇ "ಈ ದರ 15 ದಿನಕ್ಕೆ ಮಾತ್ರ" ಎಂದು ಬರೆದೇ ಕೊಡಿ. ಪುಟ್ಟ ಒಡವೆಗಳಿಗೆ ಹಾಳೆ ಕತ್ತರಿಸುವಾಗ ಚೂರು ಜಾಸ್ತಿ ವ್ಯರ್ಥವಾಗುತ್ತದೆ, ಅದನ್ನೂ ಹಿಡಿಯಿರಿ.

ಅಸಲಿ ಚಿನ್ನವೋ, ಇಮಿಟೇಶನ್ನೋ ಎಂಬುದನ್ನು ಬಿಲ್ಲಿನಲ್ಲಿ ತಪ್ಪದೆ ಬರೆಯಿರಿ. ಇಮಿಟೇಶನ್ ಹಾಳೆ ಹಿತ್ತಾಳೆಯ ಜಾತಿಯದು, ಕಾಲ ಕಳೆದಂತೆ ಕಪ್ಪಾಗುತ್ತದೆ. ಬಜೆಟ್ ಇಲ್ಲದವರಿಗೆ ಅದನ್ನೇ ಹಾಕಿಕೊಡಿ, ತಪ್ಪಿಲ್ಲ. ಹೇಳದೆ ಹಾಕುವುದು ಮಾತ್ರ ಈ ಕಲೆಗೇ ಮಾಡುವ ದ್ರೋಹ.

ಬ್ರಷ್ಷಿನ ಬಗ್ಗೆ ಒಂದು ಮಾತು. ಮುಂಗುಸಿ ಕೂದಲಿನ ಬ್ರಷ್ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ತೋರಿಸಿದರೆ ಮುಟ್ಟಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ಮಾರಾಟವೇ ಅಪರಾಧ. ಒಳ್ಳೆಯ ಸಿಂಥೆಟಿಕ್ 00, 000 ನಂಬರಿನ ಸಣ್ಣ ತುದಿಯ ಬ್ರಷ್‌ಗಳು ಈಗ ಸಿಗುತ್ತವೆ. ಅವುಗಳ ತುದಿ ಬೇಗ ಸವೆಯುತ್ತದೆ, ಆ ಖರ್ಚನ್ನೂ ಲೆಕ್ಕಕ್ಕೆ ಹಾಕಿದರಾಯಿತು.

ನಮ್ಮ ಬಾಲಕೃಷ್ಣನಿಗೆ ವಾಪಸ್ ಬರೋಣ. ಕೂಲಿ ₹16,000, ಸಾಮಾನು ₹1,800, ಫ್ರೇಮು ₹1,200, ಪ್ಯಾಕಿಂಗ್ ಮತ್ತು ಕೊರಿಯರ್ ₹600. ಕೆಲಸ ಕೆಟ್ಟು ಮತ್ತೆ ಮಾಡಬೇಕಾದರೆ ಎಂದು 4 ಗಂಟೆಯ ಕೂಲಿ ₹1,600. ಒಟ್ಟು ₹21,200.

ಗಂಜೀಫಾ ಎಲೆಯ ಲೆಕ್ಕವೇ ಬೇರೆ

ದಶಾವತಾರ ಗಂಜೀಫಾದಲ್ಲಿ 120 ಎಲೆ. ಒಂದೊಂದು ಅವತಾರಕ್ಕೆ 12. ರಾಜ, ಮಂತ್ರಿ, ಜೊತೆಗೆ ಒಂದರಿಂದ ಹತ್ತರವರೆಗಿನ ಎಣಿಕೆ ಎಲೆಗಳು. ಅಂದರೆ ಇಡೀ ಸೆಟ್ಟಿನಲ್ಲಿ ಆಕೃತಿ ಬರೆಯಬೇಕಾದ ಎಲೆ 20, ಚಿಹ್ನೆ ಬರೆಯಬೇಕಾದ ಎಲೆ 100. ಮತ್ಸ್ಯದ ಒಂದರ ಎಲೆಯಲ್ಲಿ ಒಂದು ಮೀನು, ಹತ್ತರ ಎಲೆಯಲ್ಲಿ ಹತ್ತು ಮೀನು. ಎರಡಕ್ಕೂ ಒಂದೇ ಸಮಯ ಹಿಡಿಯಲಾಗದು, ಸರಾಸರಿ ಹಿಡಿಯಬೇಕು.

ಎಣಿಕೆ ಎಲೆಗೆ ಸರಾಸರಿ ಅರ್ಧ ಗಂಟೆ, ಆಕೃತಿಯ ಎಲೆಗೆ 4 ಗಂಟೆ, ಹಿಂಬದಿ ಬಣ್ಣ ಮತ್ತು ವಾರ್ನಿಷ್‌ಗೆ ಎಲೆಗೆ 10 ನಿಮಿಷ ಎಂದಿಟ್ಟುಕೊಂಡರೆ 50, 80, 20, ಒಟ್ಟು 150 ಗಂಟೆ. ಕೂಲಿ ₹60,000. ಎಲೆಯೊಂದಕ್ಕೆ ಸರಾಸರಿ ₹500 ಆಯಿತು.

ಇಲ್ಲೇ ಎಚ್ಚರ ಬೇಕು. "ಇಡೀ ಸೆಟ್ ಬೇಡ, ನರಸಿಂಹನ ರಾಜ ಎಲೆ ಒಂದೇ ಸಾಕು, ಫ್ರೇಮ್ ಹಾಕಿಸ್ತೀನಿ" ಎಂದು ಯಾರಾದರೂ ಬಂದರೆ ₹500ಕ್ಕೆ ಒಪ್ಪಿಕೊಳ್ಳಬೇಡಿ. ಆ ಎಲೆಗೆ ಹಿಡಿಯುವುದು 4 ಗಂಟೆ 10 ನಿಮಿಷ. ಕೂಲಿಯೇ ₹1,660ಕ್ಕೂ ಮೇಲೆ. ಸೆಟ್ಟಿನ ದರ ಬೇರೆ, ಬಿಡಿ ಎಲೆಯ ದರ ಬೇರೆ. ಎರಡನ್ನೂ ಮೊದಲೇ ಬರೆದಿಟ್ಟುಕೊಳ್ಳಿ.

ಮುಂಗಡ ಯಾವಾಗ, ಎಷ್ಟು

ಮೂರು ಕಂತು ಮಾಡಿ. ಆರ್ಡರ್ ಕೊಟ್ಟಾಗ ನೂರಕ್ಕೆ 40 ಭಾಗ. ರೇಖೆ ಶುರುವಾದ ಮೇಲೆ ಇದು ವಾಪಸಿಲ್ಲ. ಬಣ್ಣ ತುಂಬಿ ಮುಗಿದ ಮೇಲೆ, ಚಿನ್ನಕ್ಕೆ ಕೈ ಹಾಕುವ ಮೊದಲು, ಇನ್ನೊಂದು 40. ಉಳಿದ 20 ಚಿತ್ರ ಕಳಿಸುವ ಮುಂಚೆ.

ಎರಡನೆಯ ಕಂತಿನ ಜಾಗವನ್ನು ಯೋಚಿಸಿಯೇ ಹೇಳಿದ್ದೇನೆ. ಅಲ್ಲಿಯವರೆಗೆ ಸೀರೆಯ ಬಣ್ಣ ಬದಲಿಸಬಹುದು, ಹಿನ್ನೆಲೆಗೊಂದು ಮರ ಸೇರಿಸಬಹುದು. ಚಿನ್ನ ಕೂತ ಮೇಲೆ ಬದಲಾವಣೆ ಅಂದರೆ ಜೆಸ್ಸೊ ಕೆರೆದು ತೆಗೆಯುವುದು. ಆದ್ದರಿಂದ ಆ ಹಂತದಲ್ಲಿ ಒಂದು ಫೋಟೊ ವಾಟ್ಸ್ಆ್ಯಪ್ ಮಾಡಿ, "ಸರಿ ಇದೆ" ಎಂದು ಬರೆದು ಕಳಿಸಲು ಹೇಳಿ. ಫೋನಿನಲ್ಲಿ ಹೂಂ ಎಂದದ್ದು ಸಾಕಾಗದು. ಪೆನ್ಸಿಲ್ ಹಂತದಲ್ಲಿ ಎರಡು ಬದಲಾವಣೆ ಉಚಿತ, ಆಮೇಲಿನದ್ದಕ್ಕೆ ಗಂಟೆಯ ಲೆಕ್ಕ.

ಅರ್ಜೆಂಟ್ ಎಂದವರಿಗೆ ಕಾಲು ಭಾಗ ಜಾಸ್ತಿ ಕೇಳಿ. ಜೆಸ್ಸೊ ಒಣಗುವ ಸಮಯವನ್ನು ಮಾತ್ರ ದುಡ್ಡು ಕೊಟ್ಟು ಕಡಿಮೆ ಮಾಡಲಾಗದು. ಆಷಾಢ, ಶ್ರಾವಣದ ಮಳೆಯಲ್ಲಂತೂ ಇನ್ನೂ ನಿಧಾನ. ದಸರಾಕ್ಕೆ ಬೇಕು ಎನ್ನುವವರಿಗೆ ಮಳೆಗಾಲದ ಶುರುವಿನಲ್ಲೇ ಹೇಳಿ ಎಂದು ಮೊದಲೇ ತಿಳಿಸಿಬಿಡಿ.

ಚೌಕಾಸಿ ಬಂದಾಗ

"ಇಷ್ಟು ಚಿಕ್ಕದಕ್ಕೆ ಇಷ್ಟೊಂದಾ?" ಈ ಮಾತು ಬಂದೇ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಒಂದು ಭೂತಗನ್ನಡಿ ಹತ್ತಿರ ಇಟ್ಟುಕೊಳ್ಳಿ. "ಒಂದ್ನಿಮಿಷ ಇದರಲ್ಲಿ ನೋಡಿ ಮೇಡಂ, ಈ ಕಿರೀಟದಲ್ಲಿ ಎಷ್ಟು ಚುಕ್ಕಿ ಇದೆ ಅಂತ" ಎಂದು ಕೈಗೆ ಕೊಡಿ. ನೋಡಿದವರ ದನಿಯೇ ಬದಲಾಗುತ್ತದೆ. ಆಮೇಲೂ ಬಜೆಟ್ ಸಾಲದಿದ್ದರೆ ಕೆಲಸ ಕಡಿಮೆ ಮಾಡಿ. ಪ್ರಭಾವಳಿ ಬೇಡ, ಹಿನ್ನೆಲೆ ಸರಳ, ಒಂದೇ ಆಕೃತಿ ಎಂದರೆ ₹21,000ದ ಚಿತ್ರ ₹14,000ಕ್ಕೆ ಬರಬಹುದು. ಅದೇ ಕೆಲಸವನ್ನು ₹14,000ಕ್ಕೆ ಕೊಟ್ಟರೆ ಮುಂದೆ ಅವರು ಕಳಿಸುವ ನೆಂಟರೆಲ್ಲ ಅದನ್ನೇ ಕೇಳುತ್ತಾರೆ.

ನೆಂಟರ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಚಿಕ್ಕಮ್ಮನಿಗೆ ಕೊಡಬೇಕು ಅನಿಸಿದರೆ ಉಡುಗೊರೆಯಾಗಿ ಕೊಡಿ. ಅರ್ಧ ದರಕ್ಕೆ ಮಾರಬೇಡಿ.

ಬೇರೆಯವರು ಎಷ್ಟಕ್ಕೆ ಮಾರುತ್ತಿದ್ದಾರೆ ಎಂದು ತಿಳಿಯಲು ಕಾವೇರಿ ಎಂಪೋರಿಯಂಗೆ ಹೋಗಿ ಬನ್ನಿ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ನಡೆಸುವ ಚಿತ್ರಸಂತೆಯಲ್ಲಿ ಒಂದು ಸುತ್ತು ಹಾಕಿ. ಅಂಗಡಿಯ ಬೆಲೆಯಲ್ಲಿ ಅಂಗಡಿಯ ಪಾಲೂ ಸೇರಿರುತ್ತದೆ ಎಂಬುದು ನೆನಪಿರಲಿ. ನಿಮ್ಮ ಚಿತ್ರ ಅಂಗಡಿಯಲ್ಲೂ ಇದ್ದರೆ, ಸಂತೆಯಲ್ಲಿ ಅದಕ್ಕಿಂತ ತೀರಾ ಕಡಿಮೆಗೆ ಮಾರಬೇಡಿ. ಅಂಗಡಿಯವರು ಮತ್ತೆ ಕರೆಯುವುದಿಲ್ಲ.

ಹಕ್ಕಿನ ಒಂದು ಸಾಲು

ಇದು ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಕಾಪಿರೈಟ್, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಅಂದರೆ ಅವರು ಅದನ್ನು ಮದುವೆ ಕಾಗದಕ್ಕೋ, ಕಂಪನಿಯ ಕ್ಯಾಲೆಂಡರಿಗೋ ಅಚ್ಚು ಹಾಕಿಸಿದರೆ ನೀವು ದುಡ್ಡು ಕೇಳುವ ಹಾಗಿಲ್ಲ. ಅದಕ್ಕೇ ಕೊಟೇಶನ್ನಿನಲ್ಲಿ ಒಂದು ಸಾಲು ಸೇರಿಸಿ: "ಚಿತ್ರ ನಿಮ್ಮದು, ಕಾಪಿರೈಟ್ ಕಲಾವಿದರದು, ಅಚ್ಚು ಹಾಕಿಸುವುದಾದರೆ ಪ್ರತ್ಯೇಕ ದರ." ಗ್ರಾಹಕರಿಂದ ಸಹಿ ಪಡೆಯಿರಿ. ಅಚ್ಚಿನ ಹಕ್ಕೂ ಬೇಕು ಎಂದವರಿಗೆ ಕೊಡಿ, ಅದಕ್ಕೆ ಬೇರೆ ಹಣ ಪಡೆದು ಕೊಡಿ.

ಅಮೆರಿಕದಿಂದಲೋ ದುಬೈಯಿಂದಲೋ ನಮ್ಮವರೇ ಆರ್ಡರ್ ಕೊಟ್ಟಾಗ ಡಾಲರ್ ನೋಡಿ ದರ ದುಪ್ಪಟ್ಟು ಮಾಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗಂಟೆಯ ದರ ಅದೇ ಇರಲಿ. ಕೊರಿಯರ್, ವಿಮೆ, ಬ್ಯಾಂಕಿನ ಶುಲ್ಕ ಅವರದು. ಚಿತ್ರವನ್ನು ಸುತ್ತಿ ಕೊಳವೆಯಲ್ಲಿ ಕಳಿಸಿ ಎಂದರೆ ಒಪ್ಪಬೇಡಿ, ಜೆಸ್ಸೊ ಬಿರುಕು ಬಿಡುತ್ತದೆ. ಫ್ರೇಮ್ ಇಲ್ಲದೆ, ಎರಡು ಗಟ್ಟಿ ಹಲಗೆಗಳ ನಡುವೆ ಚಪ್ಪಟೆಯಾಗಿ ಇಟ್ಟು ಕಳಿಸಿ. ಫ್ರೇಮನ್ನು ಅವರು ಅಲ್ಲೇ ಹಾಕಿಸಿಕೊಳ್ಳಲಿ.

ವರ್ಷಕ್ಕೊಮ್ಮೆ, ಯುಗಾದಿ ಆದ ಮೇಲೆ, ಹಳೆಯ ನೋಟ್‌ಬುಕ್ ತೆಗೆದು ಗಂಟೆಯ ದರ ಮತ್ತೆ ಲೆಕ್ಕ ಹಾಕಿ. ಆಗಲೇ ಒಪ್ಪಿಕೊಂಡ ಆರ್ಡರುಗಳಿಗೆ ಹಳೆಯ ದರವೇ ಇರಲಿ, ಹೊಸದಾಗಿ ಕೇಳುವವರಿಗೆ ಹೊಸ ದರ ಹೇಳಿ.