ಸರಾಸರಿ ಬಿಟ್ಟು ತಳದ ಅಂಕ ಹಿಡಿದೆ: ಇಂಧನ ಚಕ್ರಗಳ ಪಕ್ವತೆ ಅಳೆದ ಬಗೆ

ಸುಟ್ಟ ಅಣು ಇಂಧನವನ್ನು ಬೇರ್ಪಡಿಸಿ ಮತ್ತೆ ಬಳಸುವ ಚಕ್ರದ ಪ್ರತಿ ಆಯ್ಕೆಯನ್ನೂ ಹದಿನೈದು-ಇಪ್ಪತ್ತು ಹಂತಗಳಾಗಿ ಒಡೆದು, ಎಲ್ಲಕ್ಕಿಂತ ಕಡಿಮೆ ಟಿಆರ್‌ಎಲ್ (ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂಬುದರ 1ರಿಂದ 9ರ ಅಳತೆ) ಇರುವ ಹಂತದ ಅಂಕವನ್ನೇ ಇಡೀ ಚಕ್ರಕ್ಕೆ ಕೊಡುತ್ತೇನೆ. 'ಹಾಗಾದರೆ ಎಲ್ಲವೂ 3ಕ್ಕೋ 4ಕ್ಕೋ ಇಳಿದು ಒಂದೇ ಥರ ಕಾಣುತ್ತವೆ' ಎಂದರು ಎಲ್ಲ ಹಂತಗಳ ಸರಾಸರಿ ತೆಗೆಯಬೇಕು ಎನ್ನುವವರು. ತಳದ ಅಂಕದ ಪಕ್ಕದಲ್ಲೇ 5 ಮುಟ್ಟದ ಹಂತಗಳೆಷ್ಟು ಎಂದು ಬರೆದಿಟ್ಟ ಮೇಲೆ ಆಯ್ಕೆಗಳು ತಾವಾಗಿಯೇ ಬೇರೆಯಾದವು. ಈಗ ಬೇರೆ ಬೇರೆ ಕೂತು ಅಂಕ ಕೊಟ್ಟವರ ನಡುವೆ ಒಂದು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಅಪರೂಪ. ಸರಾಸರಿಯವರು ಇದನ್ನು ಮಾಡಿ ತೋರಿಸಲಿ.

ಲೋಹ ಇಂಧನದ ಪೈರೋ ಮಾರ್ಗವನ್ನೇ (ಕರಗಿದ ಲವಣದಲ್ಲಿ ವಿದ್ಯುತ್ ಹಾಯಿಸಿ ಸುಟ್ಟ ಇಂಧನ ಬೇರ್ಪಡಿಸುವುದು) ತಗೊಳ್ಳಿ. ಅಮೆರಿಕದ ಪ್ರಾಯೋಗಿಕ ಫಾಸ್ಟ್ ರಿಯಾಕ್ಟರ್ (ವೇಗದ ನ್ಯೂಟ್ರಾನ್‌ಗಳಿಂದ ನಡೆಯುವಂಥದ್ದು) ಇಬಿಆರ್-2 ಲೋಹ ಇಂಧನದಲ್ಲೇ 1964ರಿಂದ 1994ರವರೆಗೆ ಓಡಿದೆ, ಅಲ್ಲಿ ತಕರಾರಿಲ್ಲ. 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಲಿಥಿಯಂ-ಪೊಟ್ಯಾಶಿಯಂ ಕ್ಲೋರೈಡ್ ಲವಣದಲ್ಲಿ ಉಕ್ಕಿನ ಕ್ಯಾಥೋಡಿಗೆ ಯುರೇನಿಯಂ ಎಳೆಯುವುದಕ್ಕೆ 7 ಕೊಟ್ಟೆ. ದ್ರವ ಕ್ಯಾಡ್ಮಿಯಂ ಕ್ಯಾಥೋಡಿನಲ್ಲಿ ಪ್ಲುಟೋನಿಯಂ, ಅಮೆರಿಸಿಯಂನಂಥ ಧಾತುಗಳನ್ನು ಒಟ್ಟಿಗೆ ಹಿಡಿಯುವುದು ಸಣ್ಣ ಪ್ರಮಾಣದಲ್ಲೇ ನಿಂತಿದೆ, 4-5. ಹಿಡಿದ ಲೋಹವನ್ನು ಮತ್ತೆ ಇಂಧನವಾಗಿ ಎರಕ ಹೊಯ್ಯುವಾಗ ಅಮೆರಿಸಿಯಂ ಆವಿಯಾಗುತ್ತದೆ: ಎಕ್ಸ್501 ಪ್ರಯೋಗದಲ್ಲಿ ಸುಮಾರು 40% ಹೋಯಿತು. ಆರ್ಗಾನ್ ಒತ್ತಡ ಏರಿಸಿ, ತಾಪ ಮತ್ತು ಕಾಯಿಸುವ ಅವಧಿ ಇಳಿಸಿದರೆ ನಷ್ಟ ತಗ್ಗುತ್ತದೆ, ಆದರೆ ಅದು ಪೂರ್ಣ ಪ್ರಮಾಣದಲ್ಲಿ ಕಾಣುವವರೆಗೆ 4 ದಾಟಿಸುವುದಿಲ್ಲ.

ಸುಟ್ಟ ಇಂಧನವನ್ನು ಆಮ್ಲದಲ್ಲಿ ಕರಗಿಸಿ ದ್ರಾವಕದಿಂದ ಬೇರ್ಪಡಿಸುವ ಪ್ಯೂರೆಕ್ಸ್‌ಗೂ ಕಣ್ಣುಮುಚ್ಚಿ 9 ಬರೆಯಬೇಡಿ. ಆ 9 ಲಘುಜಲ ರಿಯಾಕ್ಟರಿನ ಇಂಧನದ್ದು. ಪ್ಲುಟೋನಿಯಂ ಹೆಚ್ಚಿರುವ ಫಾಸ್ಟ್ ರಿಯಾಕ್ಟರ್ ಆಕ್ಸೈಡು ನೈಟ್ರಿಕ್ ಆಮ್ಲದಲ್ಲಿ ಪೂರ್ತಿ ಕರಗದೆ ಶೇಷ ಬಿಡುತ್ತದೆ. ಸಾಕಷ್ಟು ತಣಿಯದ ಇಂಧನವಾದರೆ ವಿಕಿರಣವೇ ದ್ರಾವಕವನ್ನು ಕೆಡಿಸುತ್ತದೆ.

ವಿನ್ಯಾಸಕಾರರೇ ಅಂಕ ಹಾಕಿಕೊಂಡರೆ ಎರಡು ಹೆಚ್ಚೇ ಬರುತ್ತದೆ. ಅದಕ್ಕೆ ಕಟ್ಟುನಿಟ್ಟಾದ ನಿಯಮ: ಪ್ಲುಟೋನಿಯಂ ಬದಲು ಸೀರಿಯಂನಂಥ ಧಾತು ಬಳಸಿದ ಪ್ರಯೋಗಕ್ಕೆ 4ರ ಮೇಲೆ ಇಲ್ಲ, ನಿಜವಾದ ಸುಟ್ಟ ಇಂಧನವಿಲ್ಲದೆ 6 ಇಲ್ಲ. ದುಡ್ಡು ನುಂಗುವುದೂ ಈ 5ರಿಂದ 6ರ ಮೆಟ್ಟಿಲೇ, ಹಾಟ್ ಸೆಲ್ (ವಿಕಿರಣ ತಡೆಯುವ ದಪ್ಪ ಗೋಡೆಯ ಕೋಣೆ) ಬೇಕಲ್ಲ. ಅವರ ಹೇಳಿಕೆ ಪರೀಕ್ಷಿಸುವ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಕುತೂಹಲಕ್ಕೆ ಇದೇ ಅಳತೆಯನ್ನು ಕರಗಿದ ಲವಣದಲ್ಲೇ ಇಂಧನ ಬೆರೆಸಿರುವ ದ್ರವಲವಣ ರಿಯಾಕ್ಟರಿಗೂ ಹಾಕಿದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಅಂಥ ಪ್ರಾಯೋಗಿಕ ರಿಯಾಕ್ಟರ್ ಎಂಎಸ್‌ಆರ್‌ಇ 1968ರಲ್ಲಿ ಫ್ಲೋರಿನ್ ಹಾಯಿಸಿ ಯುರೇನಿಯಂ ತೆಗೆದು, ಯುರೇನಿಯಂ-233 ತುಂಬಿ ಮತ್ತೆ ಓಡಿತು. ಆ ಹಂತಕ್ಕೆ 6. ಓಡುತ್ತಿರುವಾಗಲೇ ದ್ರವ ಬಿಸ್ಮತ್‌ನಿಂದ ಲ್ಯಾಂಥನೈಡ್ (ವಿದಳನದಲ್ಲಿ ಹುಟ್ಟಿ ನ್ಯೂಟ್ರಾನ್ ನುಂಗುವ ಧಾತುಗಳು) ತೆಗೆಯುವ ಹಂತಕ್ಕೆ 3. ಹಾಗಾಗಿ ಆ ಶುದ್ಧೀಕರಣವನ್ನೇ ನಂಬಿದ ಬ್ರೀಡರ್ (ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ) ಚಕ್ರಕ್ಕೂ 3. ಅದನ್ನು ಬಿಟ್ಟ ಸರಳ ವಿನ್ಯಾಸವನ್ನು ಬೇರೆ ಸಾಲಿನಲ್ಲಿ ಬರೆಯಬೇಕು.