ಹಲ್ಲಿನ ಡಾಕ್ಟರೇ ಕುಡಿತಕ್ಕೆ ಬಿದ್ದರೆ: ಚಿಕಿತ್ಸೆ ಕೊಡಿಸುವುದು ಹೇಗೆ, ಕ್ಲಿನಿಕ್ ಉಳಿಸಿಕೊಳ್ಳುವುದು ಹೇಗೆ?

ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಬಾಟಲಿ ಅಗ್ಗ. ಹಾಗಂತ ಎಲ್ಲವನ್ನೂ ಗಡಿಯ ತಲೆಗೆ ಕಟ್ಟುವುದು ಬೇಡ, ಘಟ್ಟದ ಮೇಲೆ ಶಿರಸಿಯಲ್ಲೂ ಕುಡಿತ ಇದೆ. ಹಲ್ಲಿನ ಡಾಕ್ಟರು ಹೆಚ್ಚಾಗಿ ಒಬ್ಬರೇ ಕ್ಲಿನಿಕ್ ನಡೆಸುವವರು. ದಿನವಿಡೀ ಬೆನ್ನು ಬಗ್ಗಿಸಿ ಕೆಲಸ, ನೋವಿನ ಮಾತ್ರೆ, ನಿದ್ದೆ ಮಾತ್ರೆ ಕೈಗೆಟಕುವಲ್ಲೇ. ಚಟ ಹತ್ತಿದ್ದು ಮೊದಲು ಗೊತ್ತಾಗುವುದು ಮನೆಯವರಿಗೆ, ಇಲ್ಲವೇ ಕ್ಲಿನಿಕ್ಕಿನ ಅಸಿಸ್ಟೆಂಟಿಗೆ.

ಅಮೆರಿಕದ ಹಲವು ರಾಜ್ಯಗಳಲ್ಲಿ, ಬ್ರಿಟನ್ನಿನಲ್ಲಿ ಇಂಥ ದಂತವೈದ್ಯರಿಗೆಂದೇ ನೆರವಿನ ಕಾರ್ಯಕ್ರಮಗಳಿವೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಂಥ ಬೋರ್ಡ್ ಹಾಕಿದ ಜಾಗ ಇಲ್ಲ. ಇರುವುದನ್ನೇ ಜೋಡಿಸಿಕೊಳ್ಳಬೇಕು.

ಮೊದಲ ಮಾತು ಬೆಳಿಗ್ಗೆ ಆಡಿ, ಕುಡಿದಿರದ ಹೊತ್ತಿನಲ್ಲಿ. ಅವರು ಗೌರವಿಸುವ ಒಬ್ಬ ಸಹೋದ್ಯೋಗಿ ಜೊತೆಗಿದ್ದರೆ ಒಳ್ಳೆಯದು. 'ಡಾಕ್ಟ್ರೇ, ಸೋಮವಾರ ಮಧ್ಯಾಹ್ನ ಕೈ ನಡುಗ್ತಿತ್ತು, ಏರೋಟರ್ (ಹಲ್ಲು ಕೊರೆಯುವ ಯಂತ್ರ) ಕೆಳಗಿಟ್ರಿ' ಎಂದು ಕಂಡದ್ದನ್ನು ಮಾತ್ರ ಹೇಳಿ. ಕುಡುಕ ಎನ್ನಬೇಡಿ. ಅಂದಿನಿಂದಲೇ ಪೇಷಂಟ್ ನೋಡುವುದು ನಿಲ್ಲಬೇಕು. ಇದರಲ್ಲಿ ಮಾತ್ರ ದಾಕ್ಷಿಣ್ಯ ಬೇಡ.

ಪೇಷಂಟ್ ನಿಲ್ಲಿಸಿದ ಹಾಗೆ ಕುಡಿತವನ್ನು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ವರ್ಷಗಟ್ಟಲೆ ದಿನಾ ಕುಡಿದವರಿಗೆ ಬಿಟ್ಟ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಭ್ರಮೆ, ಗೊಂದಲ ಶುರುವಾಗಬಹುದು, ಜೀವಕ್ಕೂ ಅಪಾಯ. ಗೊತ್ತಾಗದಂತೆ ಸಾಂಬಾರಿಗೆ ಬೆರೆಸುವ 'ಕುಡಿತ ಬಿಡಿಸುವ ಪುಡಿ'ಯಂತೂ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇರಬಹುದು, ಇದ್ದು ಮೇಲೆ ಕುಡಿದರೆ ಬಿಪಿ ಕುಸಿದು ಆಸ್ಪತ್ರೆ ಸೇರಬೇಕಾದೀತು.

ಎಲ್ಲಿಗೆ ಹೋಗುವುದು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರವೇ ಇದೆ. ಆದರೆ ಸಣ್ಣ ಊರಲ್ಲಿ ಡಾಕ್ಟರು ಓಪಿಡಿ ಸಾಲಿನಲ್ಲಿ ನಿಂತರೆ ಸಂಜೆಗೆ ಮೀನು ಮಾರ್ಕೆಟ್ಟಿಗೆಲ್ಲ ಸುದ್ದಿ, ಅಲ್ವಾ? ಅದಕ್ಕೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ಹೆಚ್ಚು ಅನುಕೂಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದಾದ ಮಾನಸಿಕ ತೊಂದರೆಯೂ ಸೇರಿದೆ. ರೋಗಿಯ ಗುಟ್ಟು ಕಾಪಾಡುವುದು ಆಸ್ಪತ್ರೆಯ ಕರ್ತವ್ಯ. ಡ್ರಗ್ಸ್ ವಿಷಯವಿದ್ದು ಕೇಸಿನ ಭಯವಾದರೆ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 64ಎ ಕಲಮನ್ನು ವಕೀಲರಿಗೆ ತೋರಿಸಿ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ, ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ತಾವಾಗಿ ಚಿಕಿತ್ಸೆಗೆ ಸೇರಿದವರಿಗೆ ಅದು ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಇನ್ನು ಕ್ಲಿನಿಕ್. ಇದನ್ನು ಯಾರೂ ಯೋಚಿಸುವುದಿಲ್ಲ. ಡಾಕ್ಟರು 'ಪೇಷಂಟ್ ಬಿಟ್ಟು ಹ್ಯಾಗೆ ಹೋಗಲಿ' ಎಂದು ಚಿಕಿತ್ಸೆಯನ್ನೇ ಮುಂದೂಡುತ್ತಾರೆ. ಅಪಾಯಿಂಟ್‌ಮೆಂಟ್ ಪುಸ್ತಕ ತೆಗೆದು ಅರ್ಧಕ್ಕೆ ನಿಂತ ರೂಟ್ ಕೆನಾಲ್‌ಗಳನ್ನು ಮೊದಲು ಪಟ್ಟಿ ಮಾಡಿ. ತಾತ್ಕಾಲಿಕ ಫಿಲ್ಲಿಂಗ್ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಆಮೇಲೆ ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳು, ಲ್ಯಾಬಿನಿಂದ ಬರಬೇಕಾದ ಕ್ಯಾಪುಗಳು. ಕುಮಟಾದವರೋ ಅಂಕೋಲಾದವರೋ, ಹತ್ತಿರದ ಇನ್ನೊಬ್ಬ ದಂತವೈದ್ಯರು ವಾರಕ್ಕೆರಡು ದಿನ ಬಂದು ಕೂರಲು ಒಪ್ಪಿಸಿ. ಅವರಿಗೆಷ್ಟು ಪಾಲು ಎಂಬುದನ್ನು ಬರೆದಿಡಿ. ಬಾಯಿಮಾತಿನ ಲೆಕ್ಕ ಆಮೇಲೆ ಜಗಳಕ್ಕೆ ದಾರಿ. ಪೇಷಂಟ್‌ಗಳಿಗೆ 'ಡಾಕ್ಟರಿಗೆ ಹುಷಾರಿಲ್ಲ' ಎಂದರೆ ಸಾಕು. ಸುಳ್ಳೇನೂ ಅಲ್ಲ.

ವಾಪಸಾಗುವ ದಿನವನ್ನು ಮನೋವೈದ್ಯರು ಹೇಳಲಿ. ಮೊದಲು ಅರ್ಧ ದಿನ, ಬೆಳಿಗ್ಗೆ ಮಾತ್ರ. ಒಬ್ಬರೇ ಕ್ಲಿನಿಕ್ಕಿನಲ್ಲಿ ಇರಬಾರದು. ಮಾತ್ರೆಯ ಕಪಾಟಿನ ಕೀಲಿ ಬೇರೆಯವರ ಬಳಿ ಇರಲಿ. ಮುಂಚೆ ಹೇಳದೆ ಆಗಾಗ ಮೂತ್ರ ಪರೀಕ್ಷೆ ಆಗಬೇಕು, ಹೊರದೇಶದ ಕಾರ್ಯಕ್ರಮಗಳು ಇದನ್ನು ವರ್ಷಗಟ್ಟಲೆ ಮಾಡಿಸುತ್ತವೆ. ಇಲ್ಲಿ ಹಲ್ಲಿನ ಡಾಕ್ಟರಿಗೆ ಒಂದು ತೊಡಕಿದೆ. ಕುಡಿತ ಪತ್ತೆಹಚ್ಚುವ ಇಟಿಜಿ ಎಂಬ ಮೂತ್ರ ಪರೀಕ್ಷೆ ಎಷ್ಟು ಸೂಕ್ಷ್ಮವೆಂದರೆ ಆಲ್ಕೋಹಾಲ್ ಇರುವ ಮೌತ್‌ವಾಶ್, ಹ್ಯಾಂಡ್ ಸ್ಯಾನಿಟೈಸರ್‌ನಿಂದಲೂ ಪಾಸಿಟಿವ್ ಬರಬಹುದು. ಆಲ್ಕೋಹಾಲ್ ಇಲ್ಲದ್ದನ್ನು ತರಿಸಿ. ಅನುಮಾನ ಉಳಿದರೆ ಪಿಇಟಿಎಚ್ ಎಂಬ ರಕ್ತ ಪರೀಕ್ಷೆ ಹಿಂದಿನ ಎರಡು ಮೂರು ವಾರದ ಕುಡಿತದ ಲೆಕ್ಕ ಹೇಳುತ್ತದೆ.

ಮತ್ತೆ ಕುಡಿದುಬಿಟ್ಟರೆ? ಆಗುತ್ತದೆ. ಅಂದೇ ಪೇಷಂಟ್ ನಿಲ್ಲಿಸುವುದು, ಅಂದೇ ಮನೋವೈದ್ಯರಿಗೆ ಫೋನ್ ಮಾಡುವುದು, ಬದಲಿ ಡಾಕ್ಟರನ್ನು ಕರೆಸುವುದು. ಈ ಮೂರನ್ನೂ ಡಾಕ್ಟರಿಂದಲೇ ಮೊದಲೇ ಬರೆಸಿ, ಸಹಿ ಹಾಕಿಸಿ ಅಸಿಸ್ಟೆಂಟ್ ಕೈಯಲ್ಲಿ ಒಂದು ಪ್ರತಿ ಕೊಟ್ಟಿರಿ. ಆಗ ಫೋನ್ ಮಾಡಲು ಅವರು ಹೆದರಬೇಕಿಲ್ಲ.