ಕರಿಮದ್ದಿಲ್ಲದೆ ಬಿಚ್ಚಿದ ಪ್ಯಾರಾಚೂಟ್

"ಸೋಡಾ ಗ್ಯಾಸಿನಲ್ಲಿ ರಾಕೆಟ್ ಬಿಚ್ಚುವುದಾ? ಶರಬತ್ತು ಮಾಡಿ ಕುಡಿ ಮಾರಾಯ" ಅಂತ ನಕ್ಕವರೇ ಈಗ ನನ್ನ ಪಂಚರ್ ಪಿನ್ನಿನ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಹವ್ಯಾಸದ ರಾಕೆಟ್. ಮೇಲೆ ಹೋದ ಮೇಲೆ ಗ್ಯಾಸಿನ ಒತ್ತಡಕ್ಕೆ ಅದರ ಮೂತಿ ಕಳಚಿ ಪ್ಯಾರಾಚೂಟ್ ಹೊರಬರಬೇಕು. ಆ ಗ್ಯಾಸಿಗೆ ನಾನು ಬಳಸುವುದು ಸಿಓಟು (ಸೋಡಾದಲ್ಲಿರುವ ಅದೇ ಗ್ಯಾಸ್) ತುಂಬಿದ ಪುಟ್ಟ ಕಾರ್ಟ್ರಿಜ್, ಅದನ್ನು ತೂತು ಮಾಡುವುದೇ ಪಂಚರ್ ಪಿನ್.

ನಮ್ಮ ಮನೆ ಉಡುಪಿಯ ಹತ್ತಿರ. ಪ್ಯಾರಾಚೂಟನ್ನು ಹೊರದೂಡುವ ಎಜೆಕ್ಷನ್ ಚಾರ್ಜ್ ಅಂದರೆ ಎಲ್ಲರೂ ಕರಿಮದ್ದು ಅನ್ನುತ್ತಾರೆ. ಅದಕ್ಕೆ ಲೈಸೆನ್ಸ್ ಬೇಕು, ನನ್ನ ಹತ್ತಿರ ಇಲ್ಲ. ಜಾತ್ರೆಗೆ ಗರ್ನಾಲು ಹೊಡೆಯುವವರ ಹತ್ರ ಒಂದು ಚಮಚ ಕೇಳು ಅಂದವರೂ ಇದ್ದಾರೆ. ಬೇಡಪ್ಪ. ಸಿಓಟು ಏನಿದ್ದರೂ ತುಂಬಾ ಎತ್ತರಕ್ಕೆ ಹೋಗುವವರಿಗೆ, ಅಲ್ಲಿ ಗಾಳಿ ತೆಳು, ಮದ್ದು ಸರಿಯಾಗಿ ಉರಿಯುವುದಿಲ್ಲ, 600 ಮೀಟರ್ ಹಾರಿಸುವ ನಿನಗೆ ಯಾಕೆ ಅಂತ ಇನ್ನೊಬ್ಬರ ತಕರಾರು.

ನನ್ನ ಟ್ಯೂಬ್ 4 ಇಂಚಿನದು. ಪ್ಯಾರಾಚೂಟ್ ಇರುವ ಭಾಗ ಅರ್ಧ ಮೀಟರ್, ಅಂದರೆ ಸುಮಾರು 4 ಲೀಟರ್ ಜಾಗ. 8 ಗ್ರಾಂ ಸಿಓಟು ಪೂರ್ತಿ ಗ್ಯಾಸ್ ಆದರೆ ನಾಲ್ಕೂವರೆ ಲೀಟರ್ ಹತ್ತಿರ. ಲೆಕ್ಕದಲ್ಲಿ ಒಳಗಿನ ಒತ್ತಡ 15 ಪಿಎಸ್‌ಐ ಏರಲೇಬೇಕು. ಮೂತಿಯನ್ನು ಹಿಡಿದಿಟ್ಟು, ಒತ್ತಡ ಏರಿದಾಗ ಮುರಿಯುವ ಶಿಯರ್ ಪಿನ್ನಿಗೆ ಮೂರು ಎಂ2 (2 ಮಿಮೀ) ನೈಲಾನ್ ಸ್ಕ್ರೂ. ಅವು ಎಷ್ಟಕ್ಕೆ ಮುರಿಯುತ್ತವೆ ಅಂತ ನೋಡಲು ಎರಡು ಪಟ್ಟಿಗೆ ಒಂದೇ ಸ್ಕ್ರೂ ಹಾಕಿ, ಕೆಳಗೆ ಬಕೆಟ್ ನೇತುಹಾಕಿ, ಚೊಂಬಿನಲ್ಲಿ ನೀರು ಸುರಿಯುತ್ತಾ ಹೋದೆ. 13-14 ಕೆಜಿಗೆ ಟಕ್ ಅಂತ ಹೋಯಿತು, ನೀರೆಲ್ಲ ಕಾಲಿನ ಮೇಲೆ. ಮೂರಕ್ಕೆ 40 ಕೆಜಿ, ಅಂದರೆ 7 ಪಿಎಸ್‌ಐ ಸಾಕು. ಬೇಕಾದ್ದರ ಡಬಲ್ ಉಂಟು. ಸುಲಭ ಅಲ್ವಾ?

ನೆಲದ ಮೇಲೆ ಮಾಡಿದ ಮೊದಲ ನಾಲ್ಕು ಟೆಸ್ಟೂ ಫುಸ್. ನೋಸ್ ಕೋನ್, ಅಂದರೆ ರಾಕೆಟ್ಟಿನ ಮೂತಿ, ಅಲ್ಲಾಡಲೇ ಇಲ್ಲ. ಕಾರ್ಟ್ರಿಜ್ ತೆಗೆದು ನೋಡಿದರೆ ಮೈಯೆಲ್ಲ ಮಂಜು. ಒಳಗಿರುವುದು ದ್ರವ, ಅದು ಕುದಿದು ಗ್ಯಾಸ್ ಆಗಲು ಸಮಯ ಬೇಕು, ನನ್ನ ಪಿನ್ ಮಾಡಿದ ತೂತು ಸೂಜಿಯಷ್ಟು. ಗ್ಯಾಸ್ ನಿಧಾನ ಬರುತ್ತಿತ್ತು, ಅಷ್ಟರಲ್ಲಿ ಒಳಗಿನ ಗಾಳಿ ಹೊರಹೋಗಲು ಇಟ್ಟ ವೆಂಟ್ ತೂತು, ವೈರ್ ತೂತು ಎರಡರಿಂದಲೂ ಸೋರಿ ಹೋಗುತ್ತಿತ್ತು. ಗ್ಯಾಸ್ ಒಮ್ಮೆಲೇ ಬರುವ ಮದ್ದಿನ ಲೆಕ್ಕವನ್ನು ಹಾಗೇ ಇಲ್ಲಿಗೆ ತಂದದ್ದೇ ತಪ್ಪು.

ವೈರ್ ತೂತಿಗೆ ಎಂ ಸೀಲ್ ಮೆತ್ತಿದೆ. 16 ಗ್ರಾಂ ಕಾರ್ಟ್ರಿಜ್‌ಗೆ ಬಂದೆ. ಗುಜರಿಯಿಂದ ಬೈಕಿನ ಕ್ಲಚ್ ಸ್ಪ್ರಿಂಗ್ ತಂದೆ, ಸರ್ವೋ (ಪುಟ್ಟ ಮೋಟರ್) ಅದರ ಕೊಕ್ಕೆ ಬಿಡಿಸಿದರೆ ಸಾಕು, ಪಿನ್ ಕಾರ್ಟ್ರಿಜ್‌ಗೆ ನುಗ್ಗುತ್ತದೆ. ಪಿನ್ನಿನ ತುದಿಯನ್ನು ಒಂದು ರೀತಿ ಉಜ್ಜಿದ್ದೇನೆ, ಅದನ್ನು ಇಲ್ಲಿ ಹೇಳುವುದಿಲ್ಲ, ಮೂರು ವಾರ ಹಿಡಿದ ಕೆಲಸ ಅದು. ಐದನೇ ಟೆಸ್ಟಿಗೆ ಕೋನ್ ಹಾರಿತು. ಎಷ್ಟು ಅಂದರೆ, ಅದನ್ನು ಟ್ಯೂಬಿಗೆ ಕಟ್ಟಿದ್ದ, ಮಲ್ಪೆಯಿಂದ ತಂದ ಬಲೆಯ ಹಗ್ಗದ ಗಂಟು ಜಾರಿ, ಕೋನ್ ಸೀದಾ ಕೊಟ್ಟಿಗೆಯ ಮಾಡಿಗೆ. ಮೂರು ಹಂಚು ಪುಡಿ. "ಈ ಹಂಚು ಈಗ ಎಲ್ಲಿ ಸಿಗ್ತದೆ?" ಅಂತ ಅಪ್ಪ ಒಂದು ವಾರ ಕೇಳಿದರು. ಅಲ್ಲಿಂದ ಮುಂದೆ ಹಳೆ ಹಾಸಿಗೆ ಎದುರಿಟ್ಟು, ನಾನು ಪಕ್ಕಕ್ಕೆ ದೂರ ನಿಂತೇ ಟೆಸ್ಟ್. ಹಗ್ಗವೂ ಗಟ್ಟಿ ಕೆವ್ಲಾರ್ ನೂಲಿನದಾಯಿತು.

ಮಳೆ ಶುರುವಾದದ್ದೇ ಇನ್ನೊಂದು ರಗಳೆ. ನಮ್ಮ ಕರಾವಳಿಯ ತೇವಕ್ಕೆ ಟ್ಯೂಬಿನ ಭಾಗಗಳನ್ನು ಜೋಡಿಸುವ ರಟ್ಟಿನ ಕಪ್ಲರ್ ಉಬ್ಬಿ, ಇಬ್ಬರು ಹಿಡಿದು ಎಳೆದರೂ ಬಾರದು. ಉಜ್ಜಿ ತೆಳು ಎಪಾಕ್ಸಿ ಕುಡಿಸಿದ ಮೇಲೆ ಸರಿಯಾಯಿತು. ಮಡಚಿಟ್ಟ ನೈಲಾನ್ ಪ್ಯಾರಾಚೂಟ್ ಕೂಡ ಅಂಟಿಕೊಳ್ಳುತ್ತದೆ, ಮುಖಕ್ಕೆ ಹಚ್ಚುವ ಪೌಡರ್ ಹಾಕಿ. ಸುಮ್ನೆ ಒಂದು ಸಲ ಅಮ್ಮನ ಅಕ್ಕಿಹಿಟ್ಟು ಹಾಕಿ ನೋಡಿದೆ, ಇರುವೆ ಬಂದವು.

ಖರ್ಚು? 16 ಗ್ರಾಂನದ್ದು ಒಂದಕ್ಕೆ ನೂರೈವತ್ತು ಚಿಲ್ಲರೆ, ಸರ್ವೋ ಎರಡು ಸುಟ್ಟವು, ಎಲ್ಲ ಸೇರಿ ಒಂಬತ್ತು ಸಾವಿರ ದಾಟಿರಬೇಕು. ಕಾರ್ಟ್ರಿಜ್, ಸ್ಪ್ರಿಂಗ್ ಸೇರಿ ಭಾರವೂ ಮದ್ದಿಗಿಂತ ಜಾಸ್ತಿ, ಒಪ್ಪುತ್ತೇನೆ. ಆದರೆ ಕೊನೆಯ ಆರು ಟೆಸ್ಟಿನಲ್ಲಿ ಆರೂ ಬಿಚ್ಚಿದವು, ಪ್ಯಾರಾಚೂಟಿಗೆ ಒಂದು ಸುಟ್ಟ ಕಲೆ ಇಲ್ಲ. ಬಜ್ಪೆಯ ವಿಮಾನಗಳು ಓಡಾಡುವ ಈ ಕಡೆ ಹಾರಿಸುವ ಮಾತೇ ಇಲ್ಲ. ಘಟ್ಟದ ಮೇಲೆ ಅನುಮತಿ ಸಿಕ್ಕ ಬಯಲಿನಲ್ಲಿ ಎರಡು ಸಲ ಹಾರಿಸಿದೆವು, ಎರಡು ಸಲವೂ ಹಾರಾಟದ ತುತ್ತತುದಿಯಲ್ಲೇ ಬಿಚ್ಚಿತು. ನಕ್ಕವರಲ್ಲಿ ಒಬ್ಬರು ಅಲ್ಲೇ ವಿಡಿಯೋ ಮಾಡುತ್ತಿದ್ದರು.

ಹಂಚು ಇನ್ನೂ ಸಿಕ್ಕಿಲ್ಲ. ಕೊಟ್ಟಿಗೆಗೆ ಸದ್ಯಕ್ಕೆ ಟರ್ಪಾಲು.